ಮತ್ತಿನ ಸೂಜಿ ಮತ್ತು ಅಕ್ಕನ ಪ್ರಶ್ನೆ

ಮಸ್ಕಿಯಲ್ಲಿ ಬಳೆ ಅಂಗಡಿ ನಡೆಸುವ ನನ್ನ ಅಕ್ಕನಿಗೆ ಸಿಂಧನೂರಿನ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಎಚ್ಚರವಾದಾಗ ಅವಳು ನೋವಿನ ಮಾತೇ ಎತ್ತಲಿಲ್ಲ. ನನ್ನ ಕೈ ಹಿಡಿದು, "ನಾ ಎಲ್ಲಿಗೆ ಹೋಗಿದ್ದೆ?" ಎಂದಳು.

"ಎಲ್ಲಿಗೂ ಹೋಗಿಲ್ಲ. ಮಲಗಿದ್ದಿ."

"ನಿದ್ದಿ ಅಲ್ಲವ್ವಾ ಅದು. ನಿದ್ದ್ಯಾಗ ಹೊತ್ತು ಸರದದ್ದು ಮೈಗೆ ತಿಳೀತೈತಿ. ಇದರಾಗ ನಾನ ಇರಲಿಲ್ಲ."

ಮತ್ತಿನ ಪರಿಣಾಮ, ಇಳಿಯುತ್ತದೆ ಎಂದುಕೊಂಡೆ. ಇಳಿಯಲಿಲ್ಲ. ಮನೆಗೆ ಬಂದ ಮೇಲೂ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತವಳು ನಡುವೆ ಮಂತ್ರ ನಿಲ್ಲಿಸಿ ಲಿಂಗವನ್ನೇ ದಿಟ್ಟಿಸುತ್ತಿದ್ದಳು. ಮುಂದಿನ ವರ್ಷ ಹರ್ನಿಯಾ ಎಂದು ಮತ್ತೊಂದು ಆಪರೇಷನ್ ಹೇಳಿದಾಗ, "ಆ ಸೂಜಿ ನಾ ಒಲ್ಲೆ" ಎಂದು ಎದ್ದು ಬಂದಳು.

ನಾನು ಲಿಂಗಸುಗೂರಿನ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಸಿಂಧನೂರಿನ ಆ ಆಸ್ಪತ್ರೆಯಲ್ಲಿ ಮತ್ತಿನ ಸೂಜಿ ಕೊಡುವ ಡಾಕ್ಟರನ್ನು ಹುಡುಕಿಕೊಂಡು ಹೋಗಿ ಅಕ್ಕನ ಪ್ರಶ್ನೆಯನ್ನೇ ಕೇಳಿದೆ. ಅವರು ನಗಲಿಲ್ಲ.

"ನೋಡ್ರಿ ಮೇಡಂ, ಎಷ್ಟು ಕೊಟ್ರ ಅರಿವು ಹೋಗತೈತಿ ಅಂತ ಗೊತ್ತೈತ್ರಿ. ಅರಿವು ಅಂದ್ರ ಏನು ಅಂತ ಪೂರಾ ಗೊತ್ತಿಲ್ರಿ."

ಆ ಭಾನುವಾರ ಮಸ್ಕಿಯ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಅಕ್ಕನ ಪಕ್ಕ ಕೂತು ನಾನು ಓದಿದ್ದನ್ನೆಲ್ಲ ಹೇಳಿದೆ. "ಮಿದುಳಿನ ಕಣದೊಳಗ ಭಾಳ ಸಣ್ಣ ಕೊಳವಿ ಅದಾವ. ಅಣುವಿನ ಲೋಕದ ವಿಚಿತ್ರ ನಿಯಮ, ಕ್ವಾಂಟಂ ಅಂತೀವಲ್ಲ, ಅಲ್ಲೂ ನಡೀತಿರಬಹುದು, ಅರಿವು ಅದರಿಂದ ಹುಟ್ಟತಿರಬಹುದು ಅಂತ ಕೆಲವರು ಅಂತಾರ. ಮತ್ತಿನ ಔಷಧ ಅದನ್ನ ತಡೀತೈತಂತ. ಭಾಳ ಮಂದಿ ಒಪ್ಪಂಗಿಲ್ಲ. ಮಿದುಳು ಬೆಚ್ಚಗ, ಹಸಿ ಇರತೈತಿ, ಅಷ್ಟು ನಾಜೂಕಿಂದು ಅಲ್ಲಿ ಉಳಿಯೂದಿಲ್ಲ ಅಂತಾರ."

"ಅಂದ್ರ ನಿನಗೂ ಗೊತ್ತಿಲ್ಲ?"

"ಇಲ್ಲ."

"ನಿಮಗ ಕಲಿಸಿದವರಿಗೆ?"

"ಅವರಿಗೂ ಇಲ್ಲಕ್ಕ."

ಗಿರಾಕಿಯೊಬ್ಬಳು ಬಂದಳು. ಅಕ್ಕ ಅವಳ ಕೈಯನ್ನು ಮೆತ್ತಗೆ ಒತ್ತಿ ಹಸಿರು ಬಳೆ ಏರಿಸಿ ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನನಗೊಬ್ಬಾಕಿಗೇ ತಿಳಿವಲ್ದು ಅನ್ಕೊಂಡಿದ್ದೆ. ಮಂದಿ ನಗತಾರಂತ ನಿನ್ನ ಬಿಟ್ಟು ಯಾರ ಮುಂದೂ ಬಾಯಿ ಬಿಡಲಿಲ್ಲ."

ನನಗೆ ಈ ವಾದಗಳೆಲ್ಲ ಬಿಡುವಿನಲ್ಲಿ ಓದುವ ಕುತೂಹಲದ ಸಂಗತಿ. ಅವಳು ಅದೇ ಪ್ರಶ್ನೆಯನ್ನು ಇಡೀ ವರ್ಷ ಮೈಯಲ್ಲಿ ಹೊತ್ತುಕೊಂಡು ವ್ಯಾಪಾರ ಮಾಡಿದ್ದಳು.

ಆಪರೇಷನ್ನಿಗೆ ಒಪ್ಪಿದಳು. ಒಂದೇ ಷರತ್ತು: ಎಚ್ಚರ ತಪ್ಪುವ ತನಕ ಸೂಜಿ ಕೊಡುವ ಆ ಡಾಕ್ಟರು ತನ್ನೊಡನೆ ಮಾತಾಡುತ್ತಿರಬೇಕು. ಅವರು ಹಾಗೇ ಮಾಡಿದರು. ಮತ್ತೆ ಕಣ್ಣು ಬಿಟ್ಟಾಗ ಅವಳ ತುಟಿ ಒಣಗಿತ್ತು, ಮುಖ ಮಾತ್ರ ಹಗುರಾಗಿತ್ತು.

"ಡಾಕ್ಟರ್ ಮಗಳಿಗೆ ಬಳಿ ಬೇಕಂತ. ಕೈ ಅಳತಿ ಕೇಳಿದೆ, ಅವರು ಹೇಳೂದ್ರಾಗ ನಾ ಹೋದೆ. ಹೋಗಿ ಕೇಳ್ಕೊಂಡು ಬಾ."

ನಾನು ಎದ್ದು ಹೋದೆ.