ಫಿಲ್ಮ್ ಡಬ್ಬಿಯೊಳಗಿನ ಕರಿಮಣಿ

ಮಣಿ ಪೋಣಿಸುವುದು ನನಗೆ ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಯನ್ನು ನಾನು ಅಕ್ಕನಿಗೆ ನಾಲ್ಕು ವರ್ಷವಾದರೂ ಕೊಡಲಿಲ್ಲ. ತಪ್ಪಾಯಿತು ಎಂಬ ಒಂದು ಮಾತನ್ನೂ ಹೇಳಲಿಲ್ಲ. ಒಂದೇ ಮನೆ, ಒಂದೇ ಒಲೆ, ಒಂದೇ ಸೋಫಾ... ಆದರೂ ಹೇಳಲಿಲ್ಲ.

ಹೋದ ಭಾನುವಾರ ಅಕ್ಕನ ಹಳೆಯ ಕೋಟಿನ ಒಳಜೇಬಿನಲ್ಲಿ, ಕ್ಯಾಮೆರಾ ರೀಲು ಹಾಕಿ ಕೊಡುತ್ತಿದ್ದರಲ್ಲ, ಆ ಕಪ್ಪು ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದೆ. ಹೊಗೆ, ಸಗಣಿ, ಒಣ ಮಣ್ಣು... ಇಷ್ಟು ವರ್ಷ ಆ ವಾಸನೆ ಅದರೊಳಗೆ ಹೇಗೆ ಉಳಿದಿತ್ತೋ! ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಅಡುಗೆಮನೆಗೆ ಹೋಗುತ್ತೇನೆ, ಯಾಕೆ ಬಂದೆ ಎಂಬುದೇ ಮರೆತು ವಾಪಸು ಬರುತ್ತೇನೆ. ನಾನು ಓದಿದ್ದು ಆರನೇ ಕ್ಲಾಸಿನವರೆಗೆ. ಬರೆದು ರೂಢಿಯಿಲ್ಲ. ಬರೆದರೆ ಕೈಗಾದರೂ ಒಂದು ಕೆಲಸವಾದೀತು ಎಂದು ಕೂತಿದ್ದೇನೆ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಭಾವನ ಜೊತೆ ಪರದೇಶದ ಈ ಬಾಥೆಲ್‌ಗೆ ಬಂದು ನೆಲೆಸಿದವಳು, ವರ್ಷಗಟ್ಟಲೆ ಅರ್ಜಿ ಹಾಕಿ ಕಾದು ನನ್ನನ್ನು ಕರೆಸಿಕೊಂಡಳು. ನನಗೆ ಗೊತ್ತಿದ್ದದ್ದು ಹೊಲಿಗೆ ಒಂದೇ. ಕೆಂಟ್‌ನಲ್ಲಿ ವಿಮಾನದ ಸೀಟುಗಳಿಗೆ ಹೊದಿಕೆ ಹೊಲಿಯುವ ಕಡೆ ಕೆಲಸಕ್ಕೆ ಅವಳೇ ಸೇರಿಸಿದಳು. ನಾನು ಬಸ್ಸು ಕಲಿಯುವವರೆಗೆ ಬೆಳಿಗ್ಗೆ ಐದೂವರೆಗೆ ಎದ್ದು ಅಷ್ಟು ದೂರ ಡ್ರೈವ್ ಮಾಡಿ ಬಿಟ್ಟುಬರುತ್ತಿದ್ದಳು.

ಭಾವನಿಗೆ ಆಫ್ರಿಕಾದ ಕಾಡು ನೋಡುವ ಹುಚ್ಚು. ರಿಟೈರ್ ಆದ ಕೂಡಲೇ ಇಬ್ಬರೂ ಹೋಗುವುದೆಂದು ಮಾತಾಗಿತ್ತು. ರಿಟೈರ್ ಆಗುವ ಮೊದಲೇ ಅವರು ತೀರಿಕೊಂಡರು. ವರ್ಷ ಕಳೆದ ಮೇಲೆ ಅಕ್ಕ ಒಂದು ದಿನ ಊಟಕ್ಕೆ ಕೂತಾಗ, "ಅವರ ಸೀಟು ನಿಂಗೆ. ಬರ್ತೀಯಾ?" ಎಂದಳು. ಎದುರು ಮನೆಯ ತೆಲುಗಿನವರು ಗಂಡ ಹೆಂಡತಿ ಕೂಡ ಹೊರಟರು. ಎರಡು ಸಾವಿರದ ಮೂರರ ಬೇಸಿಗೆ ಅದು.

ಕೀನ್ಯಾದಲ್ಲಿ ನಾಲ್ಕು ದಿನ ಜೀಪಿನಲ್ಲಿ ಕುಲುಕಾಡಿದೆವು. ಅಕ್ಕ ಚಿಕ್ಕ ಹುಡುಗಿಯಾಗಿಬಿಟ್ಟಿದ್ದಳು. ಮರದಡಿ ಹೊಟ್ಟೆ ಮೇಲೆ ಮಾಡಿ ಬಿದ್ದುಕೊಂಡಿದ್ದ ಗಂಡು ಸಿಂಹ ಕಂಡಾಗ ನನ್ನ ಪಕ್ಕೆ ತಿವಿದು, "ನೋಡೇ, ಥೇಟ್ ನಿಮ್ಮ ಭಾವ. ಭಾನುವಾರ ಊಟ ಆದ್ಮೇಲೆ ಹೀಗೇ" ಎಂದಳು. ತೆಲುಗು ಅಮ್ಮ ಬಾಯಿಗೆ ಸೆರಗಿಲ್ಲದೆ ಟೋಪಿಯನ್ನೇ ಅಡ್ಡ ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ. ಸತ್ತವರನ್ನು ಹೀಗೆ ಆಡಬಹುದೇ ಎನಿಸಿತು. ಈಗ ಯೋಚಿಸಿದರೆ, ಅವಳು ಭಾವನನ್ನು ಎಲ್ಲ ಕಡೆಯೂ ಜೊತೆಗೆ ಕರೆದುಕೊಂಡೇ ಓಡಾಡುತ್ತಿದ್ದಳು...

ಐದನೆಯ ದಿನ ದನ ಮೇಯಿಸುವ ಮಸಾಯಿ ಬುಡಕಟ್ಟಿನವರ ಹಳ್ಳಿಗೆ ಹೋದೆವು. ಸುತ್ತ ಮುಳ್ಳಿನ ಬೇಲಿ, ಒಳಗೆ ಸಗಣಿ ಮೆತ್ತಿದ ಗಿಡ್ಡ ಮನೆಗಳು. ಕೆಂಪು ಬಟ್ಟೆ ಹೊದ್ದ ಗಂಡಸರು ನಿಂತಲ್ಲೇ ಮೇಲೆ ಹಾರಿ ಕುಣಿದರು. ಮಕ್ಕಳು ಒಬ್ಬೊಬ್ಬರಾಗಿ ಬಂದು ನಮ್ಮ ಮುಂದೆ ತಲೆ ಬಗ್ಗಿಸಿ ನಿಂತವು. ದೊಡ್ಡವರು ನೆತ್ತಿ ಮುಟ್ಟಬೇಕಂತೆ, ಅದೇ ಅವರ ನಮಸ್ಕಾರ. ಅಕ್ಕ ಒಂದು ತಲೆಯನ್ನೂ ಬಿಡಲಿಲ್ಲ. ನಾನು ನೊಣಗಳಿಗೆ ಹೇಸಿ ಕೈಗಳನ್ನು ಸ್ವೆಟರಿನ ಜೇಬಿನಲ್ಲೇ ಇಟ್ಟುಕೊಂಡಿದ್ದೆ.

ಒಂದು ಮನೆಯ ಮುಂದೆ ಮುದುಕಿಯೊಬ್ಬಳು ಮಣಿ ಪೋಣಿಸುತ್ತ ಕೂತಿದ್ದಳು. ಅಕ್ಕ ಅವಳ ಪಕ್ಕ ನೆಲದ ಮೇಲೇ ಕೂತಳು. ಮುದುಕಿ ಅಕ್ಕನ ಬೋಳು ಕೊರಳನ್ನು ಎಷ್ಟೋ ಹೊತ್ತು ನೋಡಿ, ತನ್ನ ಕೊರಳಿನ ಮಣಿಪಟ್ಟಿಯೊಂದನ್ನು ತೆಗೆದು ಅವಳಿಗೆ ಹಾಕಿದಳು. ಅಕ್ಕ ಪರ್ಸು ತೆರೆದಳು. ದುಡ್ಡು ತೆಗೆಯುತ್ತಾಳೆ ಅಂದುಕೊಂಡೆ. ತೆಗೆದದ್ದು ಕರಿಮಣಿ ಸರ. ಭಾವ ಹೋದ ಮೇಲೆ ತಾಳಿಯನ್ನು ಲಾಕರಿನಲ್ಲಿಟ್ಟು, ಬರೀ ಕರಿಮಣಿಯನ್ನು ಪರ್ಸಿನಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದಳು. ಅದನ್ನು ಮುದುಕಿಯ ಕೊರಳಿಗೆ ಕಟ್ಟಲು ಹೋದಳು.

ನನಗೆ ಏನಾಯಿತೋ. "ಇದನ್ನ ಯಾರಾದ್ರೂ ಕಂಡೋರ್ ಕತ್ತಿಗೆ ಕಟ್ತಾರಾ? ಭಾವನ್ನ ನುಂಗ್ಕೊಂಡಿದ್ದು ಸಾಲ್ದಾ ನಿಂಗೆ?" ಎಂದು ಕಿರುಚಿ ಸರಕ್ಕೆ ಕೈ ಹಾಕಿ ಎಳೆದೆ. ದಾರ ಕಡಿಯಿತು. ಮಣಿಗಳು ಧೂಳಿಗೆ ಚೆಲ್ಲಿದವು.

ನುಂಗಿಕೊಂಡಿದ್ದು ಎಂದೆ. ನನ್ನನ್ನು ಸಾಕಿದವಳಿಗೆ.

ಅಕ್ಕ ನನ್ನ ಕಡೆ ನೋಡಲಿಲ್ಲ. ನಾನು ಹೋಗಿ ಜೀಪಿನಲ್ಲಿ ಕೂತು ಗಾಜು ಏರಿಸಿಕೊಂಡೆ. ಅಲ್ಲಿಂದಲೇ ಕಾಣುತ್ತಿತ್ತು: ಅಕ್ಕ, ಮುದುಕಿ, ತೆಲುಗು ಅಮ್ಮ ಮೂವರೂ ಬಗ್ಗಿ ಮಣಿ ಹೆಕ್ಕುತ್ತಿದ್ದರು. ಅಕ್ಕ ಒಂದು ಖಾಲಿ ರೀಲು ಡಬ್ಬಿಗೆ ತುಂಬಿಕೊಂಡಳು. ಮುದುಕಿ ಜೀಪಿನ ಕಡೆ ಬೆರಳು ತೋರಿಸಿ ಏನೋ ಅಂದಳು. ಗೈಡು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದ. ಅಕ್ಕ ನಕ್ಕಳು. ನನ್ನನ್ನು ಕಂಡು ನಗುತ್ತಿದ್ದಾರೆ ಎಂದು ನಾನು ಇನ್ನಷ್ಟು ಬಿಗಿದುಕೊಂಡೆ.

ಮನೆಗೆ ಬಂದ ಮೇಲೆ ಅಕ್ಕ ಆ ಡಬ್ಬಿಯನ್ನು ತಂದು ನನ್ನ ಹೊಲಿಗೆ ಮಿಷನ್ನಿನ ಮೇಲಿಟ್ಟಳು. ಇಟ್ಟು ಅಡುಗೆಮನೆಗೆ ಹೋದಳು. ನನ್ನ ತಪ್ಪನ್ನು ದಿನಾ ಕಣ್ಣಿಗೆ ಕಾಣಿಸಲೆಂದೇ ಇಟ್ಟಿದ್ದಾಳೆ ಎಂದು ತಿಳಿದು ಅದನ್ನು ಎತ್ತಿ ಕಪಾಟಿಗೆ ಹಾಕಿದೆ. ವಾರದೊಳಗೆ ಅದು ಮತ್ತೆ ಮಿಷನ್ನಿನ ಮೇಲಿತ್ತು. ಮತ್ತೆ ತೆಗೆದಿಟ್ಟೆ. ಹೀಗೆ ಎಷ್ಟು ಸಲ... ಸೂಜಿ ಅಲ್ಲೇ ಇತ್ತು, ದಾರ ಅಲ್ಲೇ ಇತ್ತು. ಒಮ್ಮೆ ಅವಳೇ ಬಾಗಿಲಲ್ಲಿ ನಿಂತು, "ಇವತ್ತು ಏನು ಹೊಲೀತಿದೀಯಾ?" ಎಂದು ಕೇಳಿದಳು. "ಕಾಣಲ್ವಾ? ದಿಂಬಿನ ಕವರು" ಎಂದೆ. "ಹೂಂ" ಎಂದು ಹೋದಳು. ಆಮೇಲೆ ಡಬ್ಬಿ ಕಾಣಲಿಲ್ಲ. ಪೀಡೆ ತೊಲಗಿತು ಎಂದುಕೊಂಡೆ.

ಎರಡು ವರ್ಷದ ಹಿಂದೆ ಎದೆನೋವು ಎಂದು ಆಸ್ಪತ್ರೆಗೆ ಹೋದ ಅಕ್ಕ ಮನೆಗೆ ಬರಲಿಲ್ಲ.

ಈಚೆಗೆ ಬಾಥೆಲ್‌ನ ದೇವಸ್ಥಾನದಲ್ಲಿ ತೆಲುಗು ಅಮ್ಮ ಸಿಕ್ಕಿದರು. ಮಗನ ಜೊತೆ ಇರಲು ಅವರು ಕರ್ಕ್‌ಲ್ಯಾಂಡ್‌ಗೆ ಹೋಗಿ ಬಹಳ ಕಾಲವಾಗಿತ್ತು. ಪ್ರಸಾದದ ತಟ್ಟೆ ಹಿಡಿದು, ಅಕ್ಕನಿಂದಲೇ ಕಲಿತ ಕನ್ನಡದಲ್ಲಿ, "ಆ ಮಣಿ ಪೋಣಿಸಿ ಕೊಟ್ಯಾ ಅಮ್ಮಾ? ನಿಮ್ಮಕ್ಕ ಹಾಕೊಂಡಿದ್ದು ನಾನು ನೋಡ್ಲೇ ಇಲ್ಲ" ಎಂದರು.

"ನಾನ್ಯಾಕೆ ಪೋಣಿಸಲಿ?"

"ಅಯ್ಯೋ, ಆ ಮುದುಕಮ್ಮ ಹೇಳಿದ್ಳಲ್ಲ! ಕಿತ್ತೋಳೇ ಕಟ್ಟಿಕೊಡ್ಬೇಕು, ಬೇರೆಯವರು ಮುಟ್ಬೇಡಿ ಅಂತ. ನಿಮ್ಮಕ್ಕ ನಕ್ಕು, 'ಕಟ್ತಾಳೆ, ಅವಳ ಕೈ ಚೆನ್ನಾಗಿದೆ, ಬಾಯೇ ಸ್ವಲ್ಪ ಜೋರು, ನನಗೋಸ್ಕರ ಹೆದರ್ಕೊಂಡು ಹಾಗಂದ್ಳು' ಅಂದ್ಳು. ಅಕ್ಕ ನಿಂಗೆ ಹೇಳ್ಲಿಲ್ವಾ?"

ಹೇಳಲಿಲ್ಲ. ಹೇಳದೆ ನಾನೇ ಮಾಡಲಿ ಎಂದು ಕಾದಳು. ಮಿಷನ್ನಿನ ಮೇಲೆ ಇಟ್ಟು ಇಟ್ಟು ಕಾದಳು. ನಾನೊಬ್ಬಳು... ಸೀಟಿನ ಹೊದಿಕೆಯಲ್ಲಿ ಒಂದು ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕುವವಳು.

ಅಂದಿನಿಂದ ಎರಡು ವಾರ ಮನೆಯೆಲ್ಲ ಕಿತ್ತು ಹುಡುಕಿದೆ. ಡಬ್ಬಿಗಳು, ಸೂಟ್‌ಕೇಸುಗಳು, ಗ್ಯಾರೇಜು. ಕೊನೆಗೆ ಅದು ಸಿಕ್ಕಿದ್ದು ಅವಳು ಆಸ್ಪತ್ರೆಗೆ ಹಾಕಿಕೊಂಡು ಹೋಗಿದ್ದ ಕೋಟಿನಲ್ಲಿ.

ಇಂದು ಕೆಲಸಕ್ಕೆ ರಜೆ ಹಾಕಿದೆ. ಬೆಳಿಗ್ಗೆ ಸ್ನಾನ ಮಾಡಿ ಮಿಷನ್ನಿನ ಮುಂದೆ ಕೂತೆ. ಮಣಿಗಳನ್ನು ಬಿಳಿ ಬಟ್ಟೆಯ ಮೇಲೆ ಸುರಿದರೆ ಜೊತೆಗೆ ಚಿಟಿಕೆಯಷ್ಟು ಮಣ್ಣು ಬಿತ್ತು. ಕಪ್ಪಿನ ನಡುವೆ ಒಂದು ಕೆಂಪು ಮಣಿ. ಮುದುಕಿಯದಿರಬೇಕು. ಅದನ್ನೂ ಬಿಡಲಿಲ್ಲ. ದಾರ ಎರಡು ಸಲ ಸೂಜಿಯಿಂದ ಜಾರಿತು. ಅರ್ಧ ಗಂಟೆಯ ಕೆಲಸಕ್ಕೆ ಮಧ್ಯಾಹ್ನವಾಯಿತು. ಗಂಟು ಹಾಕಿ, ಎತ್ತಿ ಹಿಡಿದೆ. ಹಾಕಲು ಕೊರಳಿಲ್ಲ... ಅಕ್ಕ ನಿಂತು ಕೇಳಿದ್ದ ಬಾಗಿಲ ಕಡೆ ತಿರುಗಿ, ಖಾಲಿ ಮನೆಯಲ್ಲಿ ಬಾಯಿಬಿಟ್ಟೇ ಹೇಳಿದೆ:

"ಕಟ್ಟಿದೀನಿ ನೋಡಕ್ಕಾ. ತಪ್ಪಾಯ್ತು ಕಣಕ್ಕಾ. ಆ ಮಾತು ಅನ್ನಬಾರದಾಗಿತ್ತು ನಾನು."