ಜಾಮಿಟ್ರಿ ಬಾಕ್ಸಿನಲ್ಲಿ ಐದು ಗುಂಡಿ

ಗೆಳೆಯರೇ, ಸೈಬರ್ ಸೆಂಟರಿಗೆ ಓಡಿ ಬಂದು ಟೈಪ್ ಮಾಡುತ್ತಿದ್ದೇನೆ. ಇವತ್ತು ಶನಿವಾರ ಮಧ್ಯಾಹ್ನ ಹೆಮ್ಮರಗಾಲದ ತಾಯಿಯೊಬ್ಬರು ನಂಜನಗೂಡಿನ ನನ್ನ ಟೈಲರ್ ಅಂಗಡಿಗೆ ಬಂದು ಮಗನ ಯೂನಿಫಾರಂ ಶರ್ಟನ್ನು ಮೇಜಿನ ಮೇಲೆ ಹಾಕಿದರು.

"ಇದು ಮೂರನೇ ಸಲ ಕಣಣ್ಣ. ನೀವಾಕೋ ಗುಂಡಿ ಎಂಟು ದಿವ್ಸನೂ ನಿಲ್ಲಕಿಲ್ವಲ್ಲ?"

ನೋಡಿದೆ. ದಾರ ಸವೆದಿರಲಿಲ್ಲ, ಗುಂಡಿಯ ಜೊತೆ ಬಟ್ಟೆಯೂ ಹರಿದು ಹೋಗಿತ್ತು.

"ಅಕ್ಕ, ಇದು ಉದುರಿದ್ದಲ್ಲ. ಯಾರೋ ಕಿತ್ತವ್ರೆ."

ಆಕೆಯ ದನಿ ಇಳಿಯಿತು. "ದೊಡ್ಡ ಐಕ್ಳು ಇಡ್ಕಂಡು ಎಳೀತವಂತೆ. ಎಸ್ರು ಯೋಳಾಕೆ ಎದ್ರುಕತಾನೆ. ಬರೋ ಸೋಮವಾರದಿಂದ ಇಸ್ಕೂಲ್ಗೇ ಓಗಕಿಲ್ಲ ಅಂತ ಕೂತವ್ನೆ."

ತೇಪೆಗೆ ಗುರುತು ಹಾಕಲು ಚಾಕ್ ಸಿಗಲಿಲ್ಲ. ಪೆನ್ಸಿಲ್ಲಿಗಾಗಿ, ಅದೇ ಶಾಲೆಯಲ್ಲಿ ಓದುವ ನನ್ನ ಮಗನ ಬ್ಯಾಗಿನಿಂದ ಜಾಮಿಟ್ರಿ ಬಾಕ್ಸ್ ತೆಗೆದೆ. ಒಳಗೆ ಐದು ಬಿಳಿ ಗುಂಡಿ. ಒಂದೊಂದರಲ್ಲೂ ಈ ಊರಲ್ಲಿ ನಾನೊಬ್ಬನೇ ಬಳಸುವ ನೀಲಿ ದಾರ.

ಡಬ್ಬಿ ಮುಚ್ಚಿಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ಆದರೂ ಆಕೆಯ ಮುಂದೆಯೇ ಸುರಿದು, ಹೊರಗೆ ಆಡುತ್ತಿದ್ದ ಮಗನನ್ನು ಕರೆದೆ.

"ಏನ್ಲಾ ಇವು?"

"ತಮಾಷೆಗೆ ಕಣಪ್ಪ."

ಹರಿದಲ್ಲಿ ತೇಪೆ ಹಾಕಿ, ಗುಂಡಿ ಹೊಲಿಯಲು ಸೂಜಿಯನ್ನು ಅವನ ಕೈಗೇ ಕೊಟ್ಟು ಕೂರಿಸಿದೆ. ಸೋಮವಾರ ಇವನನ್ನು ಕರೆದುಕೊಂಡು ಹೋಗಿ ಹೆಡ್ ಮಾಸ್ತರಿಗೆ ನಾನೇ ಹೇಳುತ್ತೇನೆ ಎಂದು ಆಕೆಗೆ ಮಾತು ಕೊಟ್ಟೆ. ಅಷ್ಟರಲ್ಲಿ ಇವನು ಎರಡು ಸಲ ಬೆರಳು ಚುಚ್ಚಿಕೊಂಡಿದ್ದ.

ಆಕೆ ಬಯ್ಯಲಿಲ್ಲ. "ಬಿಗಿಯಾಗ್ ಆಕು ಮಗ. ಎಷ್ಟು ಬಿಗಿ ಬೇಕು ಅಂತ ನಿಂಗೇ ಚೆನ್ನಾಗ್ ಗೊತ್ತು."

ನನ್ನ ಗುಂಡಿಯನ್ನು ಯಾರೂ ಕೀಳಲಾರರು ಎಂದು ಹದಿನೈದು ವರ್ಷದಿಂದ ಊರಿಗೆಲ್ಲ ಗ್ಯಾರಂಟಿ ಕೊಡುತ್ತಿದ್ದೆ. ಕೀಳುವವನನ್ನು ಮನೆಯಲ್ಲೇ ಬೆಳೆಸುತ್ತಿದ್ದೆ.