ನುಚ್ಚು ಹೆಚ್ಚಾಗಿದೆ

ವಡಗಾವಿಯ ಒಂದು ಮಗ್ಗದ ಶೆಡ್ಡಿನಲ್ಲಿ ನಾನು ಹನ್ನೊಂದು ವರ್ಷ ಗಂಜಿ ಕಾಯಿಸಿದೆ. ಕುಡಿಯುವ ಗಂಜಿಯಲ್ಲ, ನೂಲಿಗೆ ಹಚ್ಚುವ ಗಂಜಿ. ಮಗ್ಗಕ್ಕೆ ಉದ್ದಕ್ಕೆ ಏರಿಸುವ ನೂಲಿಗೆ ಗಂಜಿ ಕುಡಿಸದಿದ್ದರೆ ಅದು ಲಾಳಿಯ ಹೊಡೆತ ತಾಳುವುದಿಲ್ಲ, ಹರಿಯುತ್ತದೆ. ಅಕ್ಕಿನುಚ್ಚು ಕುದಿಸಬೇಕು, ಬಟ್ಟೆಯಲ್ಲಿ ಸೋಸಬೇಕು, ಒಂದಿಷ್ಟು ಎಣ್ಣೆ ಬಿಟ್ಟು ತಿರುವಬೇಕು. ಎರಡು ಬೆರಳ ನಡುವೆ ಹಿಡಿದು ಬಿಡಿಸಿದರೆ ಎಳೆ ಬರಬೇಕು, ಬಂದ ಎಳೆ ತಾನಾಗಿ ಹರಿಯಬೇಕು. ಇಷ್ಟೇ ವಿದ್ಯೆ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳಿಗೆ ಇದು ಸಾಕಾಗಿತ್ತು.

ನುಚ್ಚು ಬರುತ್ತಿದ್ದುದು ಖಾನಾಪುರ ತಾಲೂಕಿನ ಪಾರಿಶ್ವಾಡದಿಂದ. ತರುತ್ತಿದ್ದವಳು ನನ್ನ ಅಕ್ಕ. ಅಲ್ಲಿ ಅವಳ ಗಂಡನ ಮನೆಯವರಿಗೆ ಭತ್ತದ ಗದ್ದೆಗಳಿದ್ದವು. ಅಕ್ಕಿ ಮಾಡಿಸಿದಾಗ ಉಳಿಯುವ ನುಚ್ಚನ್ನು ಜರಡಿ ಹಿಡಿದು, ಚೀಲಕ್ಕೆ ತುಂಬಿ, ಮಂಗಳವಾರ ಬೆಳಗಿನ ಬಸ್ಸು ಹಿಡಿದು ಖಾನಾಪುರಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ ಬೆಳಗಾವಿಗೆ ಬರುತ್ತಿದ್ದಳು. ಬಸ್ ಸ್ಟ್ಯಾಂಡಿನಿಂದ ಟೆಂಪೋದಲ್ಲಿ ಚೀಲ ಹಾಕಿಕೊಂಡು ಬಂದು ವಡಗಾವಿಯ ಓಣಿಯ ಬಾಯಿಗೆ ಇಳಿದರೆ, ಅಲ್ಲಿಂದ ತಲೆಯ ಮೇಲೆ. ಶೆಡ್ಡಿನ ಬಾಗಿಲಲ್ಲಿ ಚೀಲ ಇಳಿಸುವ ಮೊದಲೇ ಅವಳ ಬಾಯಿ ಶುರುವಾಗುತ್ತಿತ್ತು.

"ಏನ ಖೋಡಿ, ಇನ್ನೂ ಒಲಿ ಹಚ್ಚಿಲ್ಲ? ನಾನs ಬಂದು ಹಚ್ಚಬೇಕೇನು?"

"ಹಚ್ಚು ಬಾ. ಒಲಿ ಹಚ್ಚಾಕ ಪಾರಿಶ್ವಾಡದಿಂದ ಆಳ ಬಂದೈತಿ ಅಂತ ಮಾಲಕ್ರಿಗೆ ಹೇಳ್ತೀನಿ."

ಆಮೇಲೆ ಶೆಡ್ಡಿನ ಹಿಂದಿನ ನೆರಳಿನಲ್ಲಿ ಇಬ್ಬರೂ ಕುಳಿತು ನುಚ್ಚು ಕೇರುತ್ತಿದ್ದೆವು. ಹಳ್ಳು, ಅಂದರೆ ಸಣ್ಣ ಕಲ್ಲು, ಆರಿಸುತ್ತಿದ್ದೆವು. ನಾನು ಕಟ್ಟಿಕೊಂಡು ಬಂದ ರೊಟ್ಟಿ, ಅವಳು ತಂದ ಪಲ್ಯ. ಸಂಜೆ ನಾಲ್ಕರ ಬಸ್ಸಿಗೆ ಅವಳು ತಿರುಗಿ ಹೋಗಬೇಕು. ಆ ನಾಲ್ಕು ತಾಸಿನಲ್ಲಿ ನಾವು ಏನು ದೊಡ್ಡದು ಮಾತಾಡಿದೆವು ಎಂದು ಕೇಳಿದರೆ ಹೇಳಲು ಒಂದೂ ಇಲ್ಲ. ಒಮ್ಮೆ ನನ್ನ ಗಂಜಿಯ ಮಡಕೆಯೊಳಗೆ ಹಣಿಕಿ ನೋಡಿ, "ನಿನ್ನ ಗಂಡನ ಹಂಗs ಐತಿ ನೋಡು, ಮ್ಯಾಲ ದಪ್ಪ, ಒಳಗ ಬರೇ ನೀರು" ಎಂದಳು. ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ ಎಂದು ನಾವು ಗಟ್ಟಿಯಾಗಿಯೇ ನಗುತ್ತಿದ್ದೆವು.

ಗಂಡನ ಮನೆಗೆ ಹೋದಮೇಲೆ ಅಕ್ಕತಂಗಿಯರು ಮದುವೆಗೊಮ್ಮೆ, ಮಣ್ಣಿಗೊಮ್ಮೆ ಸೇರುವವರು. ನಮ್ಮನ್ನು ವಾರಕ್ಕೊಮ್ಮೆ ಕೂಡಿಸಿದ್ದು ನುಚ್ಚು. ಹೀಗೆಂದು ನನಗೆ ಆಗ ಗೊತ್ತಿರಲಿಲ್ಲ. ಅವಳು ಕೆಲಸಕ್ಕೆ ಬರುತ್ತಾಳೆ ಎಂದೇ ತಿಳಿದಿದ್ದೆ.

ಎರಡು ಸಾವಿರದ ಇಸವಿಯ ಆಜುಬಾಜು ಮಾಲಕರ ಮಗನ ಮದುವೆಯಾಯಿತು. ಸೊಸೆ ಉಡುಪಿ ಕಡೆಯವಳು, ಇಂಜಿನಿಯರಿಂಗ್ ಓದಿದವಳು. ಅದೇ ಹೊತ್ತಿಗೆ ಮುಂಬೈಯ ಒಂದು ಕಂಪನಿಯವರು ನಮ್ಮ ಶೆಡ್ಡಿನಿಂದ ಬಿಳಿಯ ಹತ್ತಿಬಟ್ಟೆ ಕೊಳ್ಳಲು ಒಪ್ಪಿದರು. ಅದರಿಂದ ಅವರು ಕೈಚೀಲ ಹೊಲಿಸಿ ಹೊರದೇಶಕ್ಕೆ ಕಳಿಸುತ್ತಿದ್ದರಂತೆ, ಪ್ಲಾಸ್ಟಿಕ್ ಬೇಡ ಎನ್ನುವವರಿಗೆ. ಅವರ ಕರಾರು ಒಂದೇ ಎರಡೇ? ಬಣ್ಣ ಹಾಕಬಾರದು, ಕಾಡಿನ ಕಟ್ಟಿಗೆ ಸುಡಬಾರದು, ನೀರು ಹಾಳು ಮಾಡಬಾರದು, ನೂಲಿನ ತುಂಡೂ ಕಸಕ್ಕೆ ಹೋಗಬಾರದು. ಸೊಸೆ ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ, ನಮ್ಮನ್ನು ಮುಂದೆ ನಿಲ್ಲಿಸಿ ಓದಿದಳು.

"ಇದರಾಗ ಹೊಸಾದೇನೈತ್ರಿ, ಬಾಯಾರ?" ಎಂದೆ. "ನಿನ್ನಿ ರೊಟ್ಟಿಗೆ ಇವತ್ತ ಒಗ್ಗರಣಿ ಹಾಕಿ ತಿಂದಾವ್ರು ನಾವು."

ಅವಳಿಗೆ ಸಿಟ್ಟು ಬರಲಿಲ್ಲ. "ಗೊತ್ತುಂಟು ಅಜ್ಜಿ. ನಿಮಗೆ ಗೊತ್ತಿದ್ದದ್ದನ್ನೇ ನಮಗೆ ಕಾಲೇಜಿನಲ್ಲಿ ನಾಲ್ಕು ವರ್ಷ ಕಲಿಸಿದ್ದು" ಎಂದು ನಕ್ಕಳು. ಆಗಲೇ ಅನಿಸಿತು, ಈ ಹುಡುಗಿ ಗಟ್ಟಿ ಇದ್ದಾಳೆ.

ಗಟ್ಟಿಯೇ ಇದ್ದಳು. ನನ್ನ ಕಟ್ಟಿಗೆ ಒಲೆ ತೆಗೆಸಿ ಭತ್ತದ ಹೊಟ್ಟು ಉರಿಸುವ ಒಲೆ ಹಾಕಿಸಿದಳು. ಉಳಿದ ಗಂಜಿ ಬಾಜು ಮನೆಯ ಎಮ್ಮೆಗೆ. ಹರಿದ ನೂಲಿನ ತುಂಡುಗಳನ್ನು ಹೊಸೆದು ಬಟ್ಟೆಯ ಗಂಟು ಕಟ್ಟುವ ಹಗ್ಗ. ಇವೆಲ್ಲ ನನ್ನ ಮನಸ್ಸಿಗೆ ಬಂದವು. ಆಮೇಲೆ ಎರಡನೆಯ ಹಾಳೆ ಬಂತು. ಅದರಲ್ಲಿ ಏಳು ದಂಡಗಳು. ಸುಮ್ಮನೆ ಹಾಳಾಗಿ ಹೋಗುವುದಕ್ಕೆ ನಾವು ದಂಡ ಎನ್ನುತ್ತೇವೆ. ಆ ಮಾತನ್ನು ನಮ್ಮಿಂದಲೇ ಕಲಿತು ನಮಗೇ ಹೇಳಿದಳು. ಬೇಕಾದ್ದಕ್ಕಿಂತ ಹೆಚ್ಚು ಮಾಡಿಡುವುದು ದಂಡ. ಕೂಡಿಡುವುದು ದಂಡ. ಕೆಟ್ಟದ್ದನ್ನು ಮತ್ತೆ ಮಾಡುವುದು ದಂಡ. ಬೇಡದ ಕೆಲಸ ಮಾಡುವುದು ದಂಡ. ಹೊತ್ತು ತಿರುಗುವುದು ದಂಡ. ಅತ್ತಿಂದಿತ್ತ ಓಡಾಡುವುದು ದಂಡ. ಕಾಯುತ್ತ ಕೂಡುವುದು ದಂಡ.

ಆ ಏಳರಲ್ಲಿ ಕಡೆಯ ಮೂರು ನನ್ನ ಅಕ್ಕನೇ ಆಗಿದ್ದಳು. ಹೊತ್ತು ಬರುತ್ತಿದ್ದಳು, ಎರಡು ಬಸ್ಸು ಓಡಾಡುತ್ತಿದ್ದಳು, ನಾಲ್ಕು ಗಂಟೆಯ ತನಕ ಕಾಯುತ್ತಿದ್ದಳು. ಆ ದಿನ ನಾನು ಇದನ್ನು ಲೆಕ್ಕ ಹಾಕಲಿಲ್ಲ.

ಸೊಸೆ ಒಬ್ಬೊಬ್ಬರ ಜಾಗದಲ್ಲಿ ಒಂದೊಂದು ಪಾಟಿ ತೂಗುಹಾಕಿದಳು, ಸಾಲೆಯ ಹುಡುಗರು ಬರೆಯುವ ಪಾಟಿ. ಶನಿವಾರ ಮನೆಗೆ ಹೋಗುವ ಮೊದಲು ಯಾವ ಸಾಮಾನು ಎಷ್ಟು ಉಳಿದಿದೆ ಎಂದು ಅದರ ಮೇಲೆ ಬರೆಯಬೇಕು. ಅದನ್ನು ನೋಡಿ ಅವಳು ಸೋಮವಾರ ಪಾರಿಶ್ವಾಡದ ಕಿರಾಣಿ ಅಂಗಡಿಗೆ ಫೋನು ಮಾಡಿ, ಈ ವಾರ ನುಚ್ಚು ಇಷ್ಟು ಎಂದು ಅಕ್ಕನಿಗೆ ಹೇಳಿ ಕಳಿಸುತ್ತಾಳೆ. ಚೀಲಗಟ್ಟಲೆ ತಂದು ಹುಳಕ್ಕೆ, ಇಲಿಗೆ ಹಾಕುವುದು ಬೇಡ. ಮಾತು ಖರೇ ಇತ್ತು. ಮಳೆಗಾಲದಲ್ಲಿ ನಮ್ಮ ನುಚ್ಚಿನ ಚೀಲದ ಅಡಿ ಗಡ್ಡೆಗಟ್ಟುತ್ತಿದ್ದುದನ್ನು ನಾನೇ ನೋಡಿದ್ದೆ.

ಮೂರು ನಾಲ್ಕು ವಾರ ಸರಿಯಾಗಿಯೇ ನಡೆಯಿತು. ಎರಡು ಸೇರು ಇದೆ, ಅರ್ಧ ಸೇರು ಇದೆ ಎಂದು ಬರೆದೆ. ಒಂದು ವಾರ ಅವಸರದ ಕೆಲಸ ಬಂದು ಶನಿವಾರ ಮಧ್ಯಾಹ್ನಕ್ಕೇ ನುಚ್ಚು ತಳ ಕಂಡಿತು. ಪಾಟಿ ಕೈಗೆ ತೆಗೆದುಕೊಂಡು ಕುಳಿತೆ.

ನಮ್ಮ ಮನೆಗಳಲ್ಲಿ ಅಕ್ಕಿ ಮುಗಿಯಿತು ಎನ್ನುವುದಿಲ್ಲ. ಖಾಲಿ ಎನ್ನುವುದಿಲ್ಲ. ಲಕ್ಷ್ಮಿಗೆ ಹೋಗು ಎಂದಂತೆ ಅದು. ಅಕ್ಕಿ ಹೆಚ್ಚಾಯಿತು ಎನ್ನುತ್ತೇವೆ. ಬಳೆ ಒಡೆದರೂ ಹೆಚ್ಚಿತು ಎನ್ನುವುದೇ ರೂಢಿ. ಸಣ್ಣವಳಿದ್ದಾಗ ಒಮ್ಮೆ ಜೋಳ ಮುಗಿತು ಎಂದು ಕೂಗಿದ್ದಕ್ಕೆ ಅವ್ವ ಬಾಯಿಯ ಮೇಲೆ ಹೊಡೆದಿದ್ದಳು. ಬಾಯಿಂದ ಆಡಬಾರದ್ದನ್ನು ಕೈಯಿಂದ ಬರೆದು ಗೋಡೆಗೆ ತೂಗುಹಾಕುವುದು ಹೇಗೆ? ನನ್ನ ಚೆಂದದ ಅಕ್ಷರದಲ್ಲಿ ಬರೆದೆ: ನುಚ್ಚು ಹೆಚ್ಚಾಗಿದೆ.

ಮಂಗಳವಾರ ಅಕ್ಕ ಬರಲಿಲ್ಲ. ಬಸ್ಸು ತಪ್ಪಿರಬೇಕೆಂದು ಮುಂದಿನ ಬಸ್ಸಿನ ಹೊತ್ತು ನೋಡಿದೆ. ಅದೂ ಹೋಯಿತು. ಒಲೆಯ ಮೇಲೆ ನೀರು ಕುದಿಯುತ್ತಿತ್ತು, ಹಾಕಲು ನುಚ್ಚಿಲ್ಲ. ಓಡಿಹೋಗಿ ಮಾಲಕರಿಗೆ ಹೇಳಿದೆ. ಗಡಿಬಿಡಿಯಲ್ಲಿ ಬೆಳಗಾವಿಯ ರವಿವಾರ ಪೇಟೆ ಎಂಬ ಓಣಿಯ ಅಂಗಡಿಯಿಂದ ನುಚ್ಚು ತರಿಸಿದರು. ಅದು ಅರ್ಧ ಹಿಟ್ಟು, ಅರ್ಧ ಧೂಳು. ಗಂಜಿ ಗಂಟುಗಂಟಾಯಿತು. ಮಗ್ಗ ನಡೆಸುವ ಚಾಚಾ ಬಂದು ನನ್ನ ಮುಂದೆ ನಿಂತ.

"ಅಮ್ಮಾ, ಏನ ಕುಡಿಸೀರಿ ಈ ನೂಲಿನ ಧಾಗಾಕ? ಟಪಟಪ ಹರ್ಯಾಕತ್ತಾವು. ಗಂಟ ಹಾಕಿ ಹಾಕಿ ನನ್ನ ಬೆರಳs ನೂಲಾದುವು."

"ನನ್ನ ಮುಂದ ಯಾಕ ಒದರ್ತಿ? ಪೇಟಿ ನುಚ್ಚಿನ ಮುಂದ ಒದರು."

ಆ ದಿನದ ಬಟ್ಟೆಯನ್ನು ಸೊಸೆ ಬೆಳಕಿಗೆ ಹಿಡಿದು ನೋಡಿ ಮಡಚಿಟ್ಟಳು.

ಬುಧವಾರ ಬೆಳಿಗ್ಗೆ ಅಕ್ಕ ಬಂದಳು. ತಲೆಯ ಮೇಲೆ ಚೀಲವಿಲ್ಲ. ಸೆರಗು ಬಿಗಿದು ಕಟ್ಟಿದ್ದಳು, ಜಗಳಕ್ಕೆ ಬಂದವಳ ಹಾಗೆ. ನನ್ನ ಕಡೆ ನೋಡಲೂ ಇಲ್ಲ, ನೇರ ಸೊಸೆಯ ಮೇಜಿನ ಮುಂದೆ ಹೋಗಿ ನಿಂತಳು.

"ಬಾಯಾರ, ನನ್ನ ನುಚ್ಚಿನ್ಯಾಗ ಹಳ್ಳ ಇದ್ದುವೇನ್ರಿ? ಹುಳ ಇದ್ದುವೇನು? ಬ್ಯಾಡಾಗಿದ್ರ ನನ್ನ ಮಾರಿ ನೋಡಿ ಹೇಳ್ರಿ. ಅಂಗಡ್ಯಾವನ ಕೈಲೆ ಊರಮಂದಿ ಮುಂದ 'ಈ ವಾರ ಬ್ಯಾಡ' ಅಂತ ಹೇಳಿ ಕಳಸೂದಲ್ಲ."

"ಅಯ್ಯೋ, ಬೇಡ ಅಂತ ನಾನು ಹೇಳಿದ್ದಲ್ಲ ಮಾರಾಯ್ರೆ. ನಿಮ್ಮ ತಂಗಿಯೇ ಬರೆದದ್ದು." ಸೊಸೆ ಎದ್ದು ಹೋಗಿ ಪಾಟಿ ತಂದಳು. "ನೋಡಿ. ನುಚ್ಚು ಹೆಚ್ಚಾಗಿದೆ. ಹೆಚ್ಚಾಗಿದ್ದರೆ ಮತ್ತೆ ಯಾಕೆ ತರಿಸುವುದು?"

ಅಕ್ಕನಿಗೆ ಓದಲು ಬರುತ್ತಿರಲಿಲ್ಲ, ಆದರೆ ಕಿವಿ ಇತ್ತಲ್ಲ. ಒಂದು ಗಳಿಗೆ ಸೊಸೆಯ ಮುಖ ನೋಡಿದಳು, ಒಂದು ಗಳಿಗೆ ನನ್ನ ಮುಖ. ಆಮೇಲೆ ಅಲ್ಲಿಯೇ ನೆಲದ ಮೇಲೆ ಕುಕ್ಕರಿಸಿ ನಗಲು ಶುರು ಮಾಡಿದಳು.

"ಹೆಚ್ಚಾಗೇತಿ ಅಂದ್ರ ತೀರೇತಿ ಅಂತ್ರೀ, ಬಾಯಾರ! ನಿಮ್ಮೂರಾಗ ಏನಂತಾರು?"

"ನಮ್ಮಲ್ಲಿ ಹೆಚ್ಚು ಅಂದರೆ ಹೆಚ್ಚೇ" ಎಂದಳು ಸೊಸೆ. ಅವಳಿಗೂ ನಗು ತಡೆಯಲಾಗಲಿಲ್ಲ. ಕಣ್ಣು ಒರೆಸಿಕೊಂಡು, "ತಪ್ಪು ನಿಮ್ಮದಲ್ಲ ಅಜ್ಜಿ, ನನ್ನದು. ಮಾತಿನ ಮೇಲೆ ಬಿಡಬಾರದಿತ್ತು" ಎಂದಳು. ಅಲ್ಲಿಯೇ ಕುಳಿತು ಕಾಗದದ ಮೇಲೆ ಗೆರೆ ಎಳೆಯತೊಡಗಿದಳು.

ಅವಳು ಕಂಡುಹಿಡಿದದ್ದು ಇಷ್ಟು. ನುಚ್ಚಿಗೆ ಎರಡು ತಗಡಿನ ಡಬ್ಬಿ. ಒಂದು ಬರಿದಾದರೆ ಪಾರಿಶ್ವಾಡಕ್ಕೆ ಹೋಗುವ ಹಾಲಿನ ವ್ಯಾನಿಗೆ ಕೊಡುವುದು. ಅದು ಹೇಗೂ ದಿನಾ ಆ ಕಡೆಯಿಂದ ಹಾಲು ತಂದು ಬರಿ ಕ್ಯಾನು ಹೊತ್ತು ತಿರುಗಿ ಹೋಗುತ್ತದೆ. ಬರಿಡಬ್ಬಿ ಬಂತೆಂದರೆ ತುಂಬಿ ಕಳಿಸು ಎಂದು ಅರ್ಥ. ಬರೆಯುವುದಿಲ್ಲ, ಫೋನಿಲ್ಲ, ಹೊಸ ಗಾಡಿಯಿಲ್ಲ, ಬೇರೆ ಡೀಸೆಲ್ ಸುಡುವುದಿಲ್ಲ. ನುಚ್ಚನ್ನು ಅಲ್ಲಿಯೇ ಕೇರಿ, ಹಳ್ಳು ಆರಿಸಿ ಕಳಿಸುವುದು, ಇಲ್ಲಿ ಎರಡನೆಯ ಸಲ ಕೆಲಸವಿಲ್ಲ.

"ನಿಮಗೂ ಇನ್ನು ಈ ಚೀಲ ಹೊರುವ ಕಷ್ಟ ಬೇಡ" ಎಂದು ಅಕ್ಕನಿಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಎಂತ ಅಜ್ಜಿ, ಇದರಲ್ಲಿ ಏನಾದರೂ ತೊಂದರೆ ಉಂಟಾ?" ಎಂದು ಕೇಳಿದಳು.

ಕೇಳಿದಳು. ಅದನ್ನು ನಾನು ಮುಚ್ಚಿಡುವುದಿಲ್ಲ. ಆ ಶೆಡ್ಡಿನಲ್ಲಿ ನನ್ನನ್ನು ಹಾಗೆ ಕೇಳಿದವರು ಮೊದಲು ಯಾರೂ ಇರಲಿಲ್ಲ. ಅಕ್ಕನೂ ನನ್ನನ್ನೇ ನೋಡುತ್ತಿದ್ದಳು. ಮಂಗಳವಾರ ನನ್ನ ಅಕ್ಕ ಬರಬೇಕು ಎನ್ನಲು ಎಷ್ಟು ಹೊತ್ತು? ಆದರೆ ಅದು ಕೆಲಸದ ಜಾಗ. ಮುದುಕಿಗೆ ಅಕ್ಕ ಬೇಕಂತೆ ಎಂದು ಚಾಚಾ ಸಂಜೆಯ ತನಕ ಆಡಿಕೊಳ್ಳುತ್ತಿದ್ದ.

"ಛಲೋ ಆತು ಬಿಡ್ರಿ" ಎಂದೆ.

ಅಕ್ಕ ಮುಖ ಆ ಕಡೆ ಮಾಡಿ, "ನನಗೂ ಬಸ್ಸಿನ ಧೂಳ ತಪ್ಪಿತು" ಎಂದಳು.

ಡಬ್ಬಿ ಪದ್ಧತಿ ಗಡಿಯಾರದ ಹಾಗೆ ನಡೆಯಿತು. ಹುಳವಿಲ್ಲ, ಗಡ್ಡೆಯಿಲ್ಲ, ಮಗ್ಗ ನಿಲ್ಲಲಿಲ್ಲ. ಮುಂಬೈಯವರು ಬಂದು ನನ್ನ ಒಲೆ, ಡಬ್ಬಿ, ಎಮ್ಮೆ ಎಲ್ಲದರ ಫೋಟೋ ತೆಗೆದುಕೊಂಡು ಹೋದರು. ಅದರಲ್ಲಿ ಒಂದು ತಪ್ಪು ತೋರಿಸು ಎಂದರೆ ನಾನು ತೋರಿಸಲಾರೆ.

ಮಂಗಳವಾರ ಮಾತ್ರ ಉದ್ದವಾಯಿತು. ಶೆಡ್ಡಿನ ಹಿಂದಿನ ನೆರಳು ಅಲ್ಲಿಯೇ ಇತ್ತು. ಕೇರುವ ಕೆಲಸವೇ ಇಲ್ಲದ ಮೇಲೆ ಅಲ್ಲಿ ಕೂಡಲು ಕಾರಣವಿಲ್ಲ. ಒಲೆಯ ಮುಂದೆ ನಿಂತೇ ರೊಟ್ಟಿ ತಿಂದು ಮುಗಿಸುತ್ತಿದ್ದೆ. ಎಲ್ಲರ ಮೇಲೂ ಸಿಡುಕುತ್ತಿದ್ದೆ. ಅಕ್ಕ ಡಬ್ಬಿಯಲ್ಲಿ ಏನಾದರೂ ಇಟ್ಟು ಕಳಿಸಿರಬಹುದೆಂದು, ಒಂದು ನಿಂಬೆಹಣ್ಣೋ, ನಾಲ್ಕು ಮೆಣಸಿನಕಾಯಿಯೋ, ಎರಡು ಮೂರು ಸಲ ತಳದ ತನಕ ಕೈ ಹಾಕಿ ನೋಡಿದೆ. ಬರೇ ನುಚ್ಚು. ಒಂದೂ ಹಳ್ಳು ಇಲ್ಲದ ನುಚ್ಚು. ಕೆಲಸವೆಂದರೆ ಕೆಲಸ ಅವಳಿಗೆ, ನಾಟಕ ಗೊತ್ತಿಲ್ಲ.

ಎಂಟು ಹತ್ತು ತಿಂಗಳಾಗಿರಬೇಕು. ಒಂದು ದಿನ ಮಗ್ಗಕ್ಕೆ ರಜೆ. ಬರಿಡಬ್ಬಿಯನ್ನು ವ್ಯಾನಿಗೆ ಕೊಡಲು ಹೋದವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ನಾನೂ ಹತ್ತಿ ಕುಳಿತೆ.

"ಅಮ್ಮಾರ, ಡಬ್ಬಿ ಅಷ್ಟs ಕೊಡ್ರಿ" ಎಂದ ವ್ಯಾನಿನವನು.

"ಡಬ್ಬಿ ಜೋಡಿ ನಾನೂ ಬರಿದ ಇದ್ದೀನಿ. ನಡಿ."

ಪಾರಿಶ್ವಾಡದಲ್ಲಿ ಇಳಿಸಿ, ಮುಂದಿನ ಹಳ್ಳಿಗೆ ಹೋಗಿ ಒಂದು ತಾಸಿಗೆ ತಿರುಗಿ ಬರುತ್ತೇನೆ ಎಂದು ಹೇಳಿ ಹೋದ. ಅಕ್ಕ ಅಂಗಳದಲ್ಲಿ ಒಬ್ಬಳೇ ಕೇರುತ್ತ ಕುಳಿತಿದ್ದಳು. ನನ್ನನ್ನು ನೋಡಿ ಮೊರ ನಿಲ್ಲಿಸಲಿಲ್ಲ.

"ಯಾರ ಸತ್ರು?"

"ಯಾರೂ ಸತ್ತಿಲ್ಲ."

"ಮತ್ತ? ಡಬ್ಬಿ ಕಳಿಸಿದ್ರ ಸಾಕಾಗ್ತಿತ್ತಲ್ಲ."

ನಾನು ಎದುರಿಗೆ ಕುಳಿತು ಹಳ್ಳು ಆರಿಸತೊಡಗಿದೆ. ಮಗ್ಗದ ಸದ್ದಿಲ್ಲದ ಕಡೆ ನಮಗೆ ಮಾತು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. ಕಡೆಗೆ ನಾನೇ ಅಂದೆ.

"ನೀ ಬರಬೇಕಾಗಿತ್ತಕ್ಕಾ. ಸುಮ್ಮನರ ಒಂದ ದಿವಸ."

ಆಗ ಮೊರ ನಿಂತಿತು. "ಕರದಿ ಯಾವಾಗ? ಆ ಹುಡುಗಿ ನಿನ್ನ ಕೇಳಿದ್ಲು, ನಾನೂ ಅಲ್ಲೇ ಇದ್ನಿ. ಛಲೋ ಆತು ಅಂದಿ. ವರ್ಷಾನುಗಟ್ಲೆ ನುಚ್ಚ ತಾ ಅಂತ ಕರದಿ. ಅಕ್ಕಾ ಬಾ ಅಂತ ಒಂದಿನಾ ಕರದಿಲ್ಲ ನೋಡು."

ಹೊರಗೆ ವ್ಯಾನಿನ ಹಾರ್ನು ಕೇಳಿತು. ಅವಳು ಕೇರಿದ ನುಚ್ಚನ್ನು ಡಬ್ಬಿಗೆ ಸುರಿದು, ಮುಚ್ಚಳ ಬಿಗಿದು, ನನ್ನ ಕೈಗೆ ಕೊಟ್ಟಳು. ಎದ್ದು ಬಾಗಿಲ ತನಕ ಬರಲಿಲ್ಲ.

ಆಮೇಲೆ ಕರೆದೆ. ಕಿರಾಣಿ ಅಂಗಡಿಗೆ ಫೋನು ಮಾಡಿ, ನುಚ್ಚಿನ ಹೆಸರೆತ್ತದೆ, ಅಕ್ಕಾ ಬಾ ಎಂದು ನಾನೇ ಹೇಳಿ ಕಳಿಸಿದೆ. ಅಂಗಡಿಯವನು ಅವಳ ಮನೆಗೆ ಹೋಗಿ ಕೇಳಿಕೊಂಡು ಬಂದು ಅವಳ ಉತ್ತರ ತಿಳಿಸಿದ: ಮೊಣಕಾಲು ಬಸ್ಸಿನ ಮೆಟ್ಟಿಲು ಹತ್ತುವ ಹಾಗಿಲ್ಲ, ಬೇಕಾದರೆ ನೀನೇ ಬಾ.